ಪಿಕಪ್ಪಿಗೆ ರಬ್ಬರು ಕೂರಿಸಿದ್ದು

ನಾನು ಹೊಸನಗರದಲ್ಲಿ ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುವವಳು. ಕತ್ತರಿ ಕೈಗೆ ಬಂತೆಂದರೆ ನನ್ನಷ್ಟು ಜಂಬದವಳು ಇನ್ನೊಬ್ಬಳಿಲ್ಲ. ಕೊರಳಲ್ಲಿ ನೇತಾಡುವ ಟೇಪು ಬರೀ ಗಿರಾಕಿಗಳ ಸಮಾಧಾನಕ್ಕೆ, ಅಳತೆಯೆಲ್ಲ ನನ್ನ ಕಣ್ಣಲ್ಲೇ ಇರುತ್ತದೆ. ಆ ಜಂಬ ಇಳಿಸಿದ್ದು ಒಂದು ಹಳೇ ಪಿಕಪ್ಪಿನ ಬಾಗಿಲು.

ಪಿಕಪ್ಪು ನನ್ನ ಗಂಡನದು. ಸಾಗರದಿಂದ ದಿನಸಿ ತುಂಬಿಕೊಂಡು, ಲಾಂಚಿನಲ್ಲಿ ಹಿನ್ನೀರು ದಾಟಿ, ತುಮರಿ ಕಡೆಯ ಅಂಗಡಿಗಳಿಗೆ ಹಾಕಿ ಬರುವುದು ಅವರ ಕಸುಬಾಗಿತ್ತು. ಎರಡು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ನಡಿಗೆ ಹೇಗೋ ಮರಳಿತು, ಎಡಗೈ ಮರಳಲಿಲ್ಲ. ಮಾತೂ ಬಂತು, ಆದರೆ ದನಿ ಗಂಟಲಲ್ಲೇ ಉಳಿಯಿತು. ನನಗೋ ಜೀವಮಾನವಿಡೀ ಮಿಷನ್ನಿನ ಸದ್ದಿನಲ್ಲಿ ಕೂತು ಕಿವಿ ಮಂದ. ಅವರು ಏನು ಹೇಳಿದರೂ ನಾನು "ಹಾಂ? ಎಂತ?" ಅನ್ನುವುದು. ಅವರು ಇನ್ನೊಮ್ಮೆ ಹೇಳುವುದು, ನಾನು ಮತ್ತೆ "ಎಂತ?" ಅನ್ನುವುದು. ಬರಬರುತ್ತಾ ಅವರು ಹೇಳುವುದನ್ನೇ ಬಿಟ್ಟರು. ಅನ್ನ ಬೇಕಾದರೆ ತಟ್ಟೆ ಮುಟ್ಟಿ ತೋರಿಸುವರು, ಬೇಡವಾದರೆ ಕೈ ಆಡಿಸುವರು. ನನ್ನ ಆ ಒಂದು ಮಾತೇ ಮನೆಯ ಮಾತನ್ನೆಲ್ಲ ನುಂಗಿತು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಸುಮ್ಮನಿರುತ್ತಿರಲಿಲ್ಲ.

ಪಿಕಪ್ಪನ್ನು ಸರಿಮಾಡಿಸೋಣ ಅಂದವಳು ನಾನೇ. ಅದರ ನೆಪದಲ್ಲಾದರೂ ಮನುಷ್ಯ ನಾಲ್ಕು ಮಾತಾಡಲಿ ಅನ್ನುವುದು ಒಳಗಿನ ಆಸೆ. ತೀರ್ಥಹಳ್ಳಿಯ ಗ್ಯಾರೇಜಿನವರು ತುಕ್ಕು ಕೆರೆದು, ಬಣ್ಣ ಹೊಡೆದು, ಇಂಜಿನ್ನನ್ನು ಎಬ್ಬಿಸಿ ಕಳಿಸಿದರು. ಬಾಗಿಲಿನ ಮತ್ತು ಮುಂದಿನ ಗಾಜಿನ ರಬ್ಬರು ಮಾತ್ರ ತಮ್ಮಿಂದಾಗದು ಅಂದುಬಿಟ್ಟರು. ಗಾಜನ್ನು ಗೋಣಿಯಲ್ಲಿ ಸುತ್ತಿ ಕೊಟ್ಟು, "ಒಡೆದ್ರೆ ಇದಕ್ಕೆ ಇನ್ನೊಂದಿಲ್ಲ ಅಮ್ಮಾ" ಅಂತ ಎಚ್ಚರಿಸಿದರು.

ಹಳೇ ರಬ್ಬರು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಬೆರಳುದ್ದದ ತುಂಡೊಂದನ್ನು ಪರ್ಸಿನಲ್ಲಿಟ್ಟುಕೊಂಡು, ಸೀರೆಗೆ ಫಾಲ್ಸ್ ಹೊಂದಿಸುವವರ ಹಾಗೆ ಸಾಗರದ ಅಂಗಡಿ ಅಂಗಡಿ ಅಲೆದೆ. ಕೊನೆಗೆ ಒಂದು ಕಡೆ ಬಾಗಿಲಿನದೂ ಗಾಜಿನದೂ ಸಿಕ್ಕಿದವು. ಗಾಜಿನ ರಬ್ಬರಿನ ಕೊಯ್ದ ಮುಖ ನೋಡಿ ಬೆರಗಾದೆ. ಹೊರಗೆ ಕರೀ ಪಟ್ಟಿ ಅಷ್ಟೆ, ಒಳಗೆ ಗಾಜಿಗೊಂದು ಕಾಲುವೆ, ತಗಡಿಗೊಂದು ಕಾಲುವೆ, ನೀರನ್ನು ಆಚೆ ತಳ್ಳಲು ಒಂದು ತೆಳು ತುಟಿ. ಇದನ್ನು ಯೋಚಿಸಿದ ಪುಣ್ಯಾತ್ಮ ಯಾರೋ! ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.

ಮಾರನೇ ಮಧ್ಯಾಹ್ನ ಅವರು ಮಲಗಿದ್ದಾಗ ಬಾಗಿಲಿನ ರಬ್ಬರಿಗೆ ಕೈ ಹಾಕಿದೆ. ಕೇಳಿ ಮಾಡಬೇಕು ಅಂತ ಅನ್ನಿಸಲೇ ಇಲ್ಲ. ಇಲಾಸ್ಟಿಕ್ ಹೊಲಿಯದ ಕೈಯೇ ಇದು? ಲಂಗದ ಸೊಂಟಕ್ಕೆ ಕೊಡುವ ಹಾಗೆ ಸುತ್ತಳತೆಗಿಂತ ಒಂದು ಗೇಣು ಕಮ್ಮಿ ಕತ್ತರಿಸಿ, ಬಿಗಿಯಾಗಿ ಎಳೆದೆಳೆದು ಅಂಟಿಸಿದೆ. ಒಂದು ಸುಕ್ಕಿಲ್ಲ. ಅವರು ಎದ್ದು ಬಂದು ಬಲಗೈಯಲ್ಲಿ ಸವರಿ ಏನೋ ಅಂದರು. ನಾನು "ಎಂತ?" ಅಂದೆ. ಅವರು ಕೈ ಆಡಿಸಿ ಒಳಗೆ ಹೋದರು.

ಬೆಳಿಗ್ಗೆ ನೋಡಿದರೆ ರಬ್ಬರು ತನ್ನ ಅಳತೆಗೆ ಕುಗ್ಗಿ, ಕೆಳಗೆ ಕೂಡುವ ಜಾಗದಲ್ಲಿ ನಾಲ್ಕು ಬೆರಳು ಬಾಯಿ ಬಿಟ್ಟಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೋರು ಬಾಯಿಬಿಟ್ಟು ಹೇಳ್ಬಾರ್ದಿತ್ತಾ?" ಅಂತ ಅವರ ಮೇಲೆ ಕೂಗಾಡಿದೆ. ಕೂಗುತ್ತಿರುವಾಗಲೇ ನಿನ್ನೆ ಅವರು ಹೇಳಿದ್ದು ಅದನ್ನೇ ಅಂತ ಹೊಳೆದು ನಾಚಿಕೆಯಾಯಿತು. ಅವರು ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಬಾಗಿಲಿನ ಮೇಲೆ ಬರೆದರು: "ಎಳೀಬೇಡ. ದೂಡು."

ಸಾಗರದಿಂದ ಇನ್ನೊಂದು ಪಟ್ಟಿ ತಂದು, ಈ ಸಲ ಒಂದು ಗೇಣು ಹೆಚ್ಚಿಟ್ಟು ಕತ್ತರಿಸಿದೆ. ಹೆಬ್ಬೆರಳಿನಿಂದ ಒಂದೊಂದೇ ಅಂಗುಲ ಒಳಕ್ಕೆ ದೂಡುತ್ತಾ ಹೋದೆ. ಕೊನೆಯಲ್ಲಿ ಎಲ್ಲಿ ಉಳಿಯುತ್ತದೋ ಅಂದುಕೊಂಡ ಆ ಗೇಣನ್ನೆಲ್ಲ ರಬ್ಬರು ತನ್ನೊಳಗೇ ಅಡಗಿಸಿಕೊಂಡಿತು. ಮೂವತ್ತು ವರ್ಷ ಎಳೆದೇ ಬದುಕಿದವಳಿಗೆ ಇದು ಪವಾಡದಂತೆ ಕಂಡಿತು.

ಮುಂದಿನ ಗಾಜಿನ ದಿನ ನನಗೆ ಹೆದರಿಕೆಯೇ. ಇದಕ್ಕೆ ಗಟ್ಟಿ ಆಳು ಕರೆಸೋಣ ಅಂದೆ. ಅವರು ತಲೆಯಾಡಿಸಿ ಲಂಗದ ಲಾಡಿ ತಾ ಅಂತ ಸನ್ನೆ ಮಾಡಿದರು. ಅವರು ತೋರಿಸಿದ ಹಾಗೆ ಗಾಜಿನ ಸುತ್ತ ರಬ್ಬರು ತೊಡಿಸಿ, ಹೊರಗಿನ ಕಾಲುವೆಯಲ್ಲಿ ಲಾಡಿಯನ್ನು ಸುತ್ತ ಹುದುಗಿಸಿ, ಸೋಪಿನ ನೀರು ಸವರಿದೆ. ಅವರು ಒಳಗೆ ಹತ್ತಿ ಕೂತರು. ನಾನು ಹೊರಗಿನಿಂದ ಗಾಜನ್ನು ಚೌಕಟ್ಟಿಗೆ ಒತ್ತಿ ಹಿಡಿದು, ಲಾಡಿಯ ಎರಡು ತುದಿಗಳನ್ನು ಒಳಗೆ ಬಿಟ್ಟೆ. ಒಂದು ತುದಿಯನ್ನು ಬಲಗೈಯಲ್ಲಿ ಹಿಡಿದು ಅವರು ನಿಧಾನಕ್ಕೆ ಎಳೆಯತೊಡಗಿದರು. ಲಾಡಿ ಬಿಚ್ಚಿಕೊಂಡು ಬಂದ ಹಾಗೆ ರಬ್ಬರಿನ ತುಟಿ ತಾನಾಗಿ ಎದ್ದು ತಗಡಿನ ಅಂಚನ್ನು ದಾಟಿ ಒಳಗೆ ಮಡಚಿಕೊಳ್ಳುತ್ತಿತ್ತು. ಮೂಲೆಯಲ್ಲಿ ಗಾಜು "ಕಿರ್" ಅಂದಾಗ ನನ್ನ ಜೀವ ಬಾಯಿಗೆ ಬಂತು. ಅವರು ನಿಲ್ಲಿಸಿದರು, ಕಾದರು, ಗಾಜಿನಾಚೆಯಿಂದ ನನ್ನ ಮುಖ ನೋಡಿ ಮತ್ತೆ ಎಳೆದರು. ಲಾಡಿ ಪೂರ್ತಿ ಅವರ ಕೈಗೆ ಬಂತು, ಗಾಜು ಕೂತಿತು. ಅಷ್ಟು ದೊಡ್ಡ ಕೆಲಸಕ್ಕೆ ಒಳಗಿನವರಿಗೆ ಬೇಕಾದದ್ದು ಒಂದೇ ಕೈ. ನನಗೆ ಅಳು ಬಂತು, ಸೋಪಿನ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಉರಿಸಿಕೊಂಡೆ.

ನೀರು ಸೋರುತ್ತದೋ ನೋಡಬೇಕಲ್ಲ. ಪೈಪನ್ನು ಪೇರಲೆ ಕೊಂಬೆಗೆ ಕಟ್ಟಿ, ಪಿಕಪ್ಪಿನ ನೆತ್ತಿ ಮೇಲೆ ನೀರು ಬಿಟ್ಟು, ಓಡಿ ಬಂದು ಅವರ ಪಕ್ಕ ಹತ್ತಿ ಕೂತೆ. ಬಾಗಿಲು "ಧಪ್" ಅಂತ ಮುಚ್ಚಿತು. ಹಿಂದೆಲ್ಲ ಅದು ಡಬ್ಬದ ಮುಚ್ಚಳದಂತೆ ಬಡಿಯುತ್ತಿತ್ತು. ರಸ್ತೆಯ ಸದ್ದು, ಪಕ್ಕದ ಮನೆಯ ಟಿವಿ, ಎಲ್ಲ ಒಮ್ಮೆಗೇ ಹೊರಗುಳಿದವು. ಗಾಜಿನ ಮೇಲೆ ನೀರು ಹಾಳೆ ಹಾಳೆಯಾಗಿ ಇಳಿಯುತ್ತಿತ್ತು. ಮೂಲೆ ಮೂಲೆ ಮುಟ್ಟಿ ನೋಡಿದೆ, ಒಣಗಿದ್ದವು. ಇಷ್ಟು ಸದ್ದಿಲ್ಲದ ಜಾಗದಲ್ಲಿ ನಾನು ಎಂದೂ ಕೂತಿರಲಿಲ್ಲ.

ಆಗ ಅವರು ಅದೇ ಸಣ್ಣ ದನಿಯಲ್ಲಿ ಹೇಳಿದರು: "ಮದ್ವೆ ಆದ ವರ್ಷ ಸಿಗಂದೂರಿಗೆ ಹೋಗೋವಾಗ, ಲಾಂಚಿಗೆ ಕಾಯ್ತಾ, ಮಳೆ ಸೋರ್ತದೆ ಅಂತ ಇಲ್ಲೇ ಒಳಗೇ ಕೊಡೆ ಬಿಚ್ಕಂಡು ಕೂತಿದ್ವಲ್ಲ."

ಅಭ್ಯಾಸಬಲದಿಂದ ನನ್ನ ಬಾಯಿ ತೆರೆಯಿತು, ಮುಚ್ಚಿಕೊಂಡಿತು. ಒಂದಕ್ಷರ ಬಿಡದೆ ಮೊದಲ ಸಲಕ್ಕೇ ಕೇಳಿಸಿತ್ತು.

"ಕೊಡೆ ಪೂರ್ತಿ ನನ್ ಕಡೆ ಹಿಡಿದಿದ್ರಿ," ಅಂದೆ, "ನೀವು ನೆಂದು ತೊಪ್ಪೆ ಆಗಿದ್ರಿ."

ಅವರು ನಕ್ಕು, ಈಗ ಸೇತುವೆ ಆಗಿದೆ, ಕಾಯುವ ಸುಖವೇ ಹೋಯಿತು ಅಂದರು. ಆಮೇಲೆ ಅವತ್ತಿನ ಲಾಂಚಿನವನ ಸಂಗತಿ, ಕಾರ್ಗಲ್ ದಾರಿಯಲ್ಲಿ ಟೈರು ಹೋದ ಸಂಗತಿ. ಮನೆಯ ಟ್ಯಾಂಕಿನ ನೀರು ಪೂರ್ತಿ ಮುಗಿಯುವವರೆಗೂ ಅವರು ಮಾತಾಡಿದರು.