ಬೀಜದ ಡಬ್ಬಿಯ ಗಂಟೆ

ತಪ್ಪಾದಾಗ ಕಂಪ್ಯೂಟರಿನ ಮೇಲೆ ಹಾಕಿ ಕೈತೊಳೆದುಕೊಳ್ಳುವ ಚಟ ನನಗೂ ಇದೆ. ಆದರೆ ಈ ಒಂದು ತಪ್ಪು ಅಪ್ಪಟ ನನ್ನದೇ.

ರಾಣೆಬೆನ್ನೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ. ಬೀಜದ ಗೋದಾಮುಗಳಿಗೆ ತೇವ ಅಳೆಯುವ ಯಂತ್ರ ಮಾಡುತ್ತೇನೆ, ಅದರ ಪ್ರೋಗ್ರಾಮನ್ನೂ ನಾನೇ ಬರೆಯುತ್ತೇನೆ. ಹೋದ ವರ್ಷ ಮೋಟೆಬೆನ್ನೂರಿನಲ್ಲಿರುವ ದೊಡ್ಡವ್ವನಿಗೂ, ಅಂದರೆ ನಮ್ಮವ್ವನ ಅಕ್ಕನಿಗೂ, ಒಂದು ಮಾಡಿಕೊಟ್ಟೆ. ಅವಳೇನೂ ಕೇಳಿರಲಿಲ್ಲ. ನನಗೇ ಜಾಣತನ ತೋರಿಸುವ ಹುಕಿ.

ದೊಡ್ಡವ್ವನ ಬಳಿ ಗಳಗನಾಥದ ತವರಿನಿಂದ ಬಂದ ಮೆಣಸಿನಕಾಯಿಯ ತಳಿಯಿತ್ತು. ಮದುವೆಯಾಗಿ ಹೊರಟಾಗ ಅವಳ ಅವ್ವ ಉಡಿ ತುಂಬುತ್ತ ಅಕ್ಕಿ, ಕೊಬ್ಬರಿಯ ಜೊತೆ ಆ ಬೀಜವನ್ನೂ ಒಂದು ಹಿಡಿ ಹಾಕಿದ್ದಳಂತೆ. ಈಗ ತವರಲ್ಲಿ ಅವ್ವನೂ ಇಲ್ಲ, ಆ ತಳಿಯೂ ಇಲ್ಲ. ದೊಡ್ಡವ್ವ ಪ್ರತಿ ವರ್ಷ ಒಳ್ಳೆಯ ಕಾಯಿ ಆರಿಸಿ ಬೀಜಕ್ಕೆಂದು ಗಡಿಗೆಯಲ್ಲಿಡುತ್ತಿದ್ದಳು. ದಿನಾ ಬೆಳಿಗ್ಗೆ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುವುದು ಅವಳ ರೂಢಿ. ಒಳಗೆ ಬೀಜ ಗಲಗಲ ಅಂದರೆ ಸರಿ, ಅನ್ನದಿದ್ದರೆ ಎಲ್ಲವನ್ನೂ ಬಿಸಿಲಿಗೆ ಹರಡುತ್ತಿದ್ದಳು.

ನಾನು ಗಡಿಗೆ ತೆಗೆಸಿ, ಯಂತ್ರ ಕೂರಿಸಿದ ಡಬ್ಬಿ ಇಡಿಸಿದೆ. "ದಿನಾ ಮುಚ್ಚಳ ತಗೀಬ್ಯಾಡ ದೊಡ್ಡವ್ವ. ತೇವ ಏರಿದ್ರ ಇದು ಗಂಟಿ ಬಾರಿಸತೈತಿ. ಬಾರಿಸಲಿಲ್ಲಂದ್ರ ಎಲ್ಲಾ ಆರಾಮ ಐತಿ ಅಂತ ತಿಳ್ಕೊ," ಎಂದೆ. ಮೊದಲೇ ಅವಳನ್ನು ಅಂಗಡಿಗೆ ಕರೆತಂದು, ಒದ್ದೆ ಬಟ್ಟೆ ಹಿಡಿದು ಗಂಟೆ ಬಾರಿಸಿ ತೋರಿಸಿದ್ದೆ.

"ಶಾಣ್ಯಾಕಿ ಅದಿ ಬಿಡು," ಎಂದು ನಕ್ಕಿದ್ದಳು.

ರೋಹಿಣಿ ಮಳೆಗೆ ಕೋಣೆಯ ಗೋಡೆ ನೆನೆಯಿತು. ವೈರ್ ತೂರಿಸಲೆಂದು ನಾನೇ ಕೊರೆದ ತೂತಿನಿಂದ ಡಬ್ಬಿಗೆ ತೇವ ಹೊಕ್ಕಿತು. ಸಸಿ ಹಾಕುವ ಹೊತ್ತಿಗೆ ಮುಚ್ಚಳ ತೆಗೆದವಳು ನನಗೆ ಫೋನ್ ಮಾಡಿದಳು. ನಾನು ಹೋದಾಗ ಕಾಯಿಗಳೆಲ್ಲ ಬೂಷ್ಟು ಹಿಡಿದು ಮೆತ್ತಗಾಗಿದ್ದವು. ದೊಡ್ಡವ್ವ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಉಳಿದ ಬೆಳೆ ಆಗಲೇ ಬ್ಯಾಡಗಿ ಪೇಟೆ ಸೇರಿತ್ತು, ಮನೆಗಿಟ್ಟುಕೊಂಡದ್ದು ಖಾರಪುಡಿಯಾಗಿತ್ತು.

"ಗಂಟಿ ಬಾರಿಸಲಿಲ್ಲಲ್ಲ, ಅದಕ್ಕ ಆರಾಮ ಅದಾವು ಅಂದ್ಕೊಂಡೆ," ಎಂದಳು. ಆದರೂ ಆ ಬೀಜವನ್ನೇ ಸಸಿ ಮಡಿಗೆ ಹಾಕಿದಳು. ಒಂದೂ ಮೊಳೆಯಲಿಲ್ಲ.

ಅಂಗಡಿಗೆ ಬಂದು ಪ್ರೋಗ್ರಾಮ್ ತೆರೆದೆ. ಒಂದೇ ಪ್ರೋಗ್ರಾಮನ್ನು ನಾವು ಎರಡು ಬಗೆಯಲ್ಲಿ ಕಟ್ಟುತ್ತೇವೆ: ತಪ್ಪು ಹುಡುಕಲು ಡಿಬಗ್, ಜನರಿಗೆ ಕೊಡಲು ರಿಲೀಸ್. ಪರೀಕ್ಷೆಗೆ ಮಾತ್ರ ಬೇಕಾದ ಸಾಲುಗಳ ಮೇಲೆ 'ಡಿಬಗ್ ಆಗಿದ್ದರೆ' ಎಂದು ಒಂದು ಗುರುತು, ಕೆಳಗೆ 'ಇಲ್ಲಿಗೆ ಮುಗಿಯಿತು' ಎಂದು ಇನ್ನೊಂದು. ರಿಲೀಸ್ ಕಟ್ಟುವಾಗ ಅವುಗಳ ನಡುವಿನದೆಲ್ಲ ತಾನಾಗಿ ಬಿಟ್ಟುಹೋಗುತ್ತದೆ. ಕೆಳಗಿನ ಗುರುತನ್ನು ನಾನು ಒಂದು ಸಾಲು ತಡವಾಗಿ ಹಾಕಿದ್ದೆ. ಗಂಟೆ ಬಾರಿಸುವ ಸಾಲು ಒಳಗೆ ಸಿಕ್ಕಿಕೊಂಡಿತ್ತು.

ಮುಚ್ಚಿಡಬಹುದಿತ್ತು, ಅವಳಿಗೇನು ತಿಳಿಯುತ್ತಿತ್ತು? ಮನಸ್ಸು ಒಪ್ಪಲಿಲ್ಲ. ಮರುದಿನ ಹೋಗಿ ಅಡುಗೆಮನೆಯಲ್ಲಿ ಅವಳ ಎದುರು ಕುಳಿತು ಎಲ್ಲ ಹೇಳಿದೆ. ಅಂಗಡಿಯಲ್ಲಿ ತೋರಿಸಿದ್ದು ಡಿಬಗ್, ಡಬ್ಬಿಗೆ ಹಾಕಿದ್ದು ರಿಲೀಸ್, ಗಂಟೆ ಇದ್ದದ್ದು ಅದರಲ್ಲಿ, ಇದರಲ್ಲಿ ಇರಲಿಲ್ಲ ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾರ ನಿನ್ನ ಟೇಬಲ್ ಮ್ಯಾಲ ಇದ್ದದ್ದನ್ನ ಹತ್ತು ಸಲ ನೋಡೀದಿ," ಎಂದಳು. "ನನಗ ಕೊಟ್ಟದ್ದನ್ನ ಒಮ್ಮೆರೆ ಬಾರಿಸಿ ನೋಡಿದ್ದೇನು, ಮಗಳ?"

ಇಲ್ಲ ಎಂದೆ.