ಮೌಶಿಯ ಕೈಮೇಲಿನ ಉಂಗುರಗಳು

ಬೆಳಿಗ್ಗೆ ನಿಡೋಣಿಯ ರೋಗಿಯೊಬ್ಬರ ಚರ್ಮದ ಚೂರು ಸ್ಲೈಡಾಗಿ ನನ್ನ ಮೇಜಿಗೆ ಬಂತು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಮೇಲ್ಚರ್ಮ ಸರಿಯಾಗಿಯೇ ಇತ್ತು. ಒಳಪದರದಲ್ಲಿ ಒಂದಿಷ್ಟು ಕೊಲಾಜನ್ ಎಳೆಗಳು ಸವೆದಿದ್ದವು, ಅವುಗಳ ನಡುವೆ ಲೋಳೆ, ಸುತ್ತ ಉರಿಯೂತದ ಜೀವಕೋಶಗಳು ಬೇಲಿ ಹಾಕಿದಂತೆ ನಿಂತಿದ್ದವು. ಗ್ರಾನುಲೋಮಾ ಆನ್ಯುಲೇರ್. ಚರ್ಮದ ಮೇಲೆ ಉಂಗುರಗಳೇಳುವ, ಅಪರೂಪಕ್ಕೆ ಕಾಣುವ ಕಾಯಿಲೆ... ಓಣಿಯವರೆಲ್ಲ ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಪಕ್ಕದ ಮನೆಯಾಕೆ ನೆನಪಾದಳು.

ಆಗ ನಾವು ವಿಜಯಪುರದಲ್ಲಿ, ಸೊಲ್ಲಾಪುರ ರಸ್ತೆಯ ಹಿಂದಿನ ಓಣಿಯಲ್ಲಿ ಬಾಡಿಗೆಗಿದ್ದೆವು. ಮೌಶಿ ಹೊನವಾಡದ ಕಡೆಯವಳು. ನಾಗರಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬಕ್ಕೆ ಮನೆಮನೆಗೂ ರೊಟ್ಟಿ, ಪಲ್ಯ ಹಂಚುವುದರಲ್ಲಿ ಆಕೆಯದೇ ಮುಂದಾಳತ್ವ. ಅದೇ ಆಕೆಯ ದೊಡ್ಡಸ್ತಿಕೆ.

ಒಂದು ವರ್ಷ ಆಕೆಯ ಎರಡೂ ಕೈಗಳ ಹಿಂಬದಿ ಉಂಗುರಗಳೆದ್ದವು. ಅಂಚಿನಲ್ಲಿ ಗಟ್ಟಿ ಗುಳ್ಳೆಗಳ ಸಾಲು, ನಡುವೆ ಸಪಾಟು. ತುರಿಕೆಯಿಲ್ಲ, ಹೊಟ್ಟು ಉದುರದು, ಗಜಕರ್ಣವಂತೂ ಅಲ್ಲ. ಓಣಿಯವರು ಇನ್ನೊಂದನ್ನು ಕಂಡುಹಿಡಿದರು. ಸುಡುವ ಹಂಚಿನ ಮೇಲಿನ ರೊಟ್ಟಿಯನ್ನು ಮೌಶಿ ಬರಿಗೈಯಲ್ಲಿ ತಿರುವುತ್ತಾಳೆ, ಕೈ ಹಿಂದೆಳೆಯುವುದಿಲ್ಲ. ಸ್ಪರ್ಶವಿಲ್ಲವೆಂದರೆ ಕುಷ್ಠವೇ ಎಂದು ತೀರ್ಮಾನವಾಯಿತು. ಹೀಗೆ ಹೇಳಿದ ಹೆಂಗಸರೆಲ್ಲ ತಾವೂ ಬರಿಗೈಯಲ್ಲೇ ರೊಟ್ಟಿ ತಿರುವುವವರು!

ಚರ್ಮದ ವೈದ್ಯರ ಬಳಿಗೆ ನಾನೇ ಕರೆದುಕೊಂಡು ಹೋದೆ. ಅವರು ಕಣ್ಣು ಮುಚ್ಚಿಸಿ ಉಂಗುರದ ಮೇಲೆ ಹತ್ತಿಯ ಎಳೆ ಆಡಿಸಿದರು.

"ಕಚಗುಳಿ ಆಗತೈತಿ, ಬಿಡ್ರಿ ಯಪ್ಪಾ," ಎಂದು ಮೌಶಿ ನಕ್ಕಳು.

ತೆಗೆದ ಚೂರು ನನ್ನ ಬಳಿಗೇ ಬಂತು. ಕುಷ್ಠದ ಕ್ರಿಮಿಗಾಗಿ ಬೇರೆ ಬಣ್ಣ ಹಾಕಿ ಹುಡುಕಿದೆ, ಇರಲಿಲ್ಲ. ನರಗಳೂ ನೆಟ್ಟಗಿದ್ದವು. ಅಂಟುರೋಗವಲ್ಲ, ತಾನಾಗಿಯೇ ಹೋಗುತ್ತದೆ ಎಂದು ಓಣಿಯಲ್ಲೆಲ್ಲ ಹೇಳಿ ಬಂದೆ. ಎಲ್ಲರೂ ಹೌದೆಂದು ತಲೆಯಾಡಿಸಿದರು.

ಮೌಶಿ ಹುರುಪಿನಿಂದ ಆ ಹಬ್ಬಕ್ಕೂ ರೊಟ್ಟಿ ಹಂಚಿದಳು. ಸಂಜೆ ಆಕೆ ಓಣಿಯಲ್ಲಿ ಎಮ್ಮೆ ಸಾಕಿದ್ದವರ ಮನೆಗೆ ಹಾಲು ತರಲು ಹೋದಾಗ, ಕರಿ ಎಳ್ಳು ಹಚ್ಚಿದ ಆಕೆಯ ರೊಟ್ಟಿಗಳು ಎಮ್ಮೆಯ ಮುಂದೆ ಬಿದ್ದಿದ್ದವು. ನಮ್ಮ ಮನೆಗೆ ಬಂದು ಕಂಡದ್ದನ್ನು ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ಆಕೆ ಯಾರನ್ನೂ ಬೈಯಲಿಲ್ಲ.

ಒಂದೆರಡು ವರ್ಷದಲ್ಲಿ ಉಂಗುರಗಳು ಗುರುತೂ ಉಳಿಯದಂತೆ ಮಾಸಿದವು. ಹಬ್ಬ ಬಂದಾಗ ಎಮ್ಮೆಯ ಮನೆಯಾಕೆಯೇ ಮೌಶಿಯ ಬಾಗಿಲಿಗೆ ಬಂದಳು.

"ಕೈ ಚೊಲೊ ಆದೂವಲ್ಲಬೇ, ಈ ಸಲ ರೊಟ್ಟಿ ಕೊಡಂಗಿಲ್ಲೇನ?"

ಮೌಶಿ ಎರಡೂ ಕೈ ಮುಂದೆ ಚಾಚಿದಳು. "ಆಗೂ ಇವ ಕೈ ಇದ್ದೂವಬೇ."

ಮತ್ತೆಂದೂ ಆಕೆ ಓಣಿಗೆ ರೊಟ್ಟಿ ಹಂಚಲಿಲ್ಲ...

ಮೌಶಿ ತೀರಿಕೊಂಡು ಕೆಲವು ವರ್ಷಗಳಾದವು. ಆಕೆ ಇಲ್ಲವೆಂಬುದು ಹಬ್ಬದ ದಿನ ನನ್ನನ್ನು ಈಗಲೂ ಕೊರೆಯುತ್ತದೆ. ನಿಡೋಣಿಯ ರೋಗಿಯ ವರದಿಯ ಕೊನೆಗೆ 'ಅಂಟುರೋಗವಲ್ಲ' ಎಂದು ಬರೆದು ಸಹಿ ಹಾಕಿದೆ. ಅದನ್ನು ಓದುವವರು ವೈದ್ಯರು. ಆ ಕೈಯಿಂದ ರೊಟ್ಟಿ ಇಸಿದುಕೊಳ್ಳಬೇಕಾದವರು ಬೇರೆಯವರು.