ಪಾಳು ಟಾಕೀಸಿನಲ್ಲಿ ಸಿಕ್ಕವರು

ಪಾಳುಬಿದ್ದ ಕಟ್ಟಡಗಳ ಒಳಹೊಕ್ಕು ಫೋಟೊ ತೆಗೆಯುವ ಗೀಳು ನನಗೆ ಆಗಷ್ಟೇ ಹತ್ತಿತ್ತು. ಅರಸೀಕೆರೆಯಲ್ಲಿ ರೈಲು ತಡವಾದ ಒಂದು ಮಧ್ಯಾಹ್ನ, ಮುಚ್ಚಿಹೋಗಿದ್ದ ಟಾಕೀಸಿಗೆ ನುಗ್ಗಿದೆ. ಒಳಗೆ ಐವತ್ತು ದಾಟಿದವರೊಬ್ಬರು ಟಾರ್ಚ್ ಹಿಡಿದು ಮೂಲೆಮೂಲೆ ನೋಡುತ್ತಿದ್ದರು. ನನ್ನಂಥವರೇ ಸಿಕ್ಕರಲ್ಲ ಎಂದು ಖುಷಿಯಾಯಿತು.

"ಬೇಲೂರಲ್ಲೂ ಒಂದು ಪಾಳು ಗೋದಾಮಿದೆ, ನೋಡಿದೀರಾ?" ಎಂದೆ.

"ನೋಡಿವ್ನಿ ಸಾರ್. ಹಳೇಬೀಡು ಕಡೇನೂ ಒಂದೂ ಬಿಟ್ಟಿಲ್ಲ. ನನ್ ತಮ್ಮಂಗೆ ಬುದ್ಧಿ ಸ್ಥಿಮಿತದಲ್ಲಿಲ್ಲ. ಮನೆ ಬಿಟ್ಟು ಎರಡು ವರ್ಷ ಆಯ್ತು. ಇಂಥ ಕಡೆ ಮಲಗಿರ್ತಾನೆ ಅಂದ್ರು."

ನಾನು ಕ್ಯಾಮೆರಾ ಕೆಳಗಿಳಿಸಿದೆ. ಅವರೇ ತಮ್ಮನ ಫೋಟೊ ತೋರಿಸಿ, "ನೀವೂ ತಿರುಗ್ತೀರಲ್ಲ, ಕಂಡ್ರೆ ಗದರ್ಸಬ್ಯಾಡಿ. ಒಂದೂಟ ಕೊಡ್ಸಿ," ಎಂದರು.

ಆತ ನನಗೆಲ್ಲೂ ಕಾಣಲಿಲ್ಲ. ಆದರೆ ಅಂದಿನಿಂದ ಎಲ್ಲಿಗೆ ನುಗ್ಗಿದರೂ ಮೊದಲು "ಯಾರಾದ್ರೂ ಇದೀರಾ?" ಎಂದು ಮೆಲ್ಲಗೆ ಕೂಗುತ್ತೇನೆ. ಇದುವರೆಗೆ ಉತ್ತರ ಕೊಟ್ಟಿರುವುದು ಪಾರಿವಾಳಗಳು ಮಾತ್ರ.